ತೋಟದ ಮನೆ ಅಂಚೆ: ಲಾರಿ ಇಳಿಸಿದ ಮೇಲೆ

ಕಾಫಿ ರೇಟು ಏರಿದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳೂ ಬದಲಾಗಿವೆ. ಮೊದಲೆಲ್ಲ ಮಾವಿನ ಮಿಡಿ ಮೆತ್ತಗಾಯ್ತು, ಮೆಣಸಿನ ಬಳ್ಳಿ ಹಳದಿ ಆಯ್ತು ಅಂತ ಬರೆಯುತ್ತಿದ್ದರು. ಈಗ ಬೆಂಗಳೂರು, ಮೈಸೂರಿನಿಂದ ಬರೆಯುತ್ತಾರೆ. 'ಅಕ್ಕಾ, ನಾವೂ ಊರಿಗೆ ಬಂದುಬಿಡೋಣ ಅಂತಿದ್ದೀವಿ' ಅನ್ನೋದೇ ಮೊದಲ ಸಾಲು. ಈ ಸಲ ಅಂಥವನ್ನೇ ಆರಿಸಿಕೊಂಡಿದ್ದೇನೆ.

ಹೊಸ ಓದುಗರಿಗೆ ಗೊತ್ತಿರಲಿ, ನಾನೂ ಹೀಗೇ ಬಂದವಳು. 2007ರ ಏಪ್ರಿಲ್‌ನಲ್ಲಿ ರಾಜಾಜಿನಗರದ ಬಾಡಿಗೆ ಮನೆ ಖಾಲಿ ಮಾಡಿ, ಗಂಡ, 13 ವರ್ಷದ ಮಗ, 9 ವರ್ಷದ ಮಗಳು, ಒಂದು ಲಾರಿ ಸಾಮಾನಿನ ಜೊತೆ ಕೊಡಗಿನ ಸುಂಟಿಕೊಪ್ಪಕ್ಕೂ ಮಾದಾಪುರಕ್ಕೂ ನಡುವೆ ಇರುವ ಮಾವನ ತೋಟಕ್ಕೆ ಬಂದಿಳಿದೆ. ಎಂಟು ಎಕರೆ. ಮುಕ್ಕಾಲು ಪಾಲು ರೊಬಸ್ಟಾ ಕಾಫಿ, ಮೇಲಿನ ತುಂಡಿನಲ್ಲಿ ಅರೇಬಿಕಾ, ಮರಮರಕ್ಕೂ ಮೆಣಸಿನ ಬಳ್ಳಿ. ಆಗ ನನಗೆ ಕಾಫಿ ಅಂದರೆ ಫಿಲ್ಟರಿನಿಂದ ಇಳಿಯುವ ಡಿಕಾಕ್ಷನ್ ಅಷ್ಟೇ.

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾವು ವಿಜಯನಗರದಲ್ಲಿದ್ದೇವೆ. ಯಜಮಾನರದ್ದು ಸಾಫ್ಟ್‌ವೇರ್ ಕೆಲಸ, ನಾನು ಶಾಲೆಯಲ್ಲಿ ಟೀಚರ್. ಮಾವ ಹೋದ ಮೇಲೆ ಸೋಮವಾರಪೇಟೆ ಹತ್ತಿರದ ಆರು ಎಕರೆ ತೋಟ ನೋಡಿಕೊಳ್ಳುವವರಿಲ್ಲ. ಅತ್ತೆ ಒಬ್ಬರೇ ಇದ್ದಾರೆ. ಮಗಳಿಗೆ 12, ಮಗನಿಗೆ 7. ಡಿಸೆಂಬರ್ ರಜೆಗೆ ಹೋಗಿದ್ದಾಗ ಎಲ್ಲರಿಗೂ ತುಂಬಾ ಹಿಡಿಸಿತು. ಜೂನ್‌ಗೆ, ಶಾಲೆ ಶುರುವಾಗುವ ಹೊತ್ತಿಗೆ ಹೋಗಿಬಿಡೋಣ ಅಂತಿದ್ದೇವೆ. ಏನೇನು ಸಿದ್ಧ ಮಾಡಿಕೊಳ್ಳಬೇಕು?
ಎಸ್., ಬೆಂಗಳೂರು

ಉತ್ತರ: ಡಿಸೆಂಬರ್‌ನ ಕೊಡಗು ಯಾರಿಗೆ ಹಿಡಿಸೋದಿಲ್ಲ ಹೇಳಿ ತಂಗಿ! ಬೆಳಿಗ್ಗೆ ಮಂಜು, ಹತ್ತು ಗಂಟೆಗೆ ಎಳೆ ಬಿಸಿಲು, ಗಿಡದ ತುಂಬ ಹಣ್ಣು, ಹುತ್ತರಿ ಮುಗಿದು ಮನೆಯಲ್ಲಿ ಹೊಸ ಅಕ್ಕಿ. ಅದು ಹೆಣ್ಣು ನೋಡಲು ಬರುವ ದಿನದ ಮನೆ ಇದ್ದ ಹಾಗೆ. ಮಂಚಕ್ಕೆ ಹೊಸ ಬೆಡ್‌ಶೀಟ್ ಹಾಸಿ, ಕೇಸರಿಬಾತ್ ಮಾಡಿಟ್ಟು ಕಾದಿರುತ್ತಾರೆ. ಮನೆ ನಿಜಕ್ಕೂ ಹೇಗಿದೆ ಅಂತ ತಿಳಿಯಬೇಕಾದರೆ ಹೇಳದೆ ಕೇಳದೆ ಹೋಗಬೇಕು. ಕೊಡಗಿಗೆ ಹಾಗೆ ಹೋಗುವ ಕಾಲ ಜುಲೈ.

ನನ್ನ ಮಾತು ಕೇಳೋದಾದರೆ ಈ ಜೂನ್‌ಗೆ ಸಾಮಾನು ಕಟ್ಟಬೇಡಿ. ಜುಲೈ ಮಧ್ಯದಿಂದ ಕಕ್ಕಡ, ಅಂದರೆ ಕೊಡಗಿನ ಜಡಿಮಳೆ ತಿಂಗಳು. ಆಗ ಹದಿನೈದು ದಿನ ಬಂದು ಅತ್ತೆ ಜೊತೆ ಇರಿ. ಮಕ್ಕಳಿಗೆ ಶಾಲೆ ತಪ್ಪುತ್ತದೆ, ತಪ್ಪಲಿ. ಎಲ್ಲೋ ಮರ ಬಿದ್ದು ತಂತಿ ತುಂಡಾಗಿ ಮೂರು ದಿನ ಕರೆಂಟ್ ಇರಬಾರದು. ಫೋನ್ ಚಾರ್ಜ್ ಮಾಡಲು ಜನರೇಟರ್ ಇರುವ ಅಂಗಡಿ ಹುಡುಕಿಕೊಂಡು ಹೋಗಬೇಕು. ಅಷ್ಟಾದ ಮೇಲೂ ಮನಸ್ಸು ಗಟ್ಟಿ ಇದ್ದರೆ ಮುಂದಿನ ಏಪ್ರಿಲ್‌ನಲ್ಲಿ ಲಾರಿ ಹೇಳಿ.

ನಾವು ಯಾರ ಮಾತೂ ಕೇಳದೆ ಬಂದವರು. ಬೆಂಗಳೂರಿಗೆ ಇಡೀ ವರ್ಷಕ್ಕೆ ಬೀಳೋದು 38 ಇಂಚು ಆಸುಪಾಸು ಮಳೆ. ನಮ್ಮ ತೋಟದಲ್ಲಿ ಆ ಜುಲೈ ಒಂದೇ ತಿಂಗಳಲ್ಲಿ ಅದರ ಮುಕ್ಕಾಲು ಪಾಲು ಸುರಿಯಿತು. ಮಡಿಕೇರಿಯವರು ಇದನ್ನು ಓದಿ ನಗಬಹುದು, ಭಾಗಮಂಡಲದವರು ಇನ್ನೂ ಜಾಸ್ತಿ ನಗಬಹುದು, ಅಲ್ಲಿ ವರ್ಷಕ್ಕೆ 200 ಇಂಚು ದಾಟುವುದೂ ಇದೆ. ನನಗಂತೂ ಅಷ್ಟೇ ಸಾಕಾಗಿತ್ತು. ಚಪ್ಪಲಿ ಸ್ಟ್ಯಾಂಡಿನಲ್ಲಿದ್ದ ಗಂಡನ ಆಫೀಸ್ ಶೂ ಮೇಲೆ ಹಸಿರು ಬೂಸ್ಟು. ಬೀರುವಿನಲ್ಲಿ ಮಡಿಸಿಟ್ಟ ರೇಷ್ಮೆ ಸೀರೆಗೆ ಚುಕ್ಕಿ. ಉಪ್ಪಿನ ಜಾಡಿಯಲ್ಲಿ ನೀರು. ಬೆಂಕಿಪೆಟ್ಟಿಗೆ ಗೀರಿದರೆ ಮದ್ದೇ ಉದುರಿ ಬೀಳುತ್ತಿತ್ತು.

ನನ್ನನ್ನು ಅಳಿಸಿದ್ದು ಮಾತ್ರ ಮಗಳ ಯೂನಿಫಾರಂ. ಎರಡೇ ಜೊತೆ ಹೊಲಿಸಿದ್ದೆ, ಬೆಂಗಳೂರಿನ ಲೆಕ್ಕದಲ್ಲಿ. ಒಗೆದದ್ದು ನಾಲ್ಕು ದಿನವಾದರೂ ಒಣಗೋದಿಲ್ಲ. ಕೊನೆಗೆ ಬಚ್ಚಲು ಮನೆಯಲ್ಲಿ, ಹಂಡೆ ಒಲೆಯ ಮೇಲೆ ಹಗ್ಗ ಕಟ್ಟಿ ಹರಡಿದೆ. ಒಣಗಿತು. ಸೋಮವಾರ ಸಂಜೆ ಶಾಲೆಯಿಂದ ಬಂದವಳು ಬ್ಯಾಗ್ ಬಿಸಾಕಿ ಮೂಲೆಯಲ್ಲಿ ಕೂತಳು. 'ಮಿಸ್ ಕೇಳಿದ್ರು, ನಿಮ್ಮನೇಲಿ ಮೀನು ಒಣಗಿಸ್ತೀರಾ ಅಂತ. ಎಲ್ಲಾರೂ ನಕ್ರು.' ಆ ರಾತ್ರಿ ಅವಳೂ ಊಟ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಮರುದಿನ ನಮ್ಮ ಮೇಸ್ತ್ರಿಯ ಹೆಂಡತಿ ಹಾಲಿಗೆ ಬಂದವರು ಬಚ್ಚಲಿಗೆ ಇಣುಕಿದರು. ಒಲೆಯೊಳಗಿನ ಕೊಳ್ಳಿ ಎಳೆದು ನೋಡಿ, 'ಅಯ್ಯೋ ಅಕ್ಕಾ, ಇದು ಹಾಲುವಾಣ, ನೀರು ಕುಡಿದ ಮರ, ಇದನ್ನ ಯಾರಾದ್ರೂ ಉರಿಸ್ತಾರಾ' ಅಂದರು. ಮರಗಸಿಯಲ್ಲಿ, ಅಂದರೆ ತೋಟದ ನೆರಳಿನ ಮರ ಸವರುವಾಗ, ಕಡಿದುಹಾಕಿದ ಕೊಂಬೆ ಅದು. ಪುಕ್ಕಟೆ ಸೌದೆ ಸಿಕ್ಕಿತು ಅಂತ ನಾನು ತಂದು ಒಟ್ಟಿಕೊಂಡಿದ್ದೆ. ಅವರು ಹೋಗಿ ಕಿತ್ತುಹಾಕಿದ ಹಳೇ ಕಾಫಿ ಗಿಡದ ಕಟ್ಟಿಗೆ ಒಂದು ಹೊರೆ ತಂದರು. ಕಾಫಿ ಕಟ್ಟಿಗೆ ಗಟ್ಟಿ. ಹೊಗೆ ಕಡಿಮೆ, ಕೆಂಡ ನಿಲ್ಲುತ್ತದೆ. ಆ ಕೆಂಡವನ್ನೇ ಮಾವನ ಕಾಲದ ಇಸ್ತ್ರಿ ಪೆಟ್ಟಿಗೆಗೆ ಹಾಕಿ, ಅರೆ ಒಣಗಿದ ಯೂನಿಫಾರಂ ಬೆಳಿಗ್ಗೆ ಉಜ್ಜಿಬಿಡಬೇಕು. ಮೂರು ಮಳೆಗಾಲ ನಾನು ಮಾಡಿದ್ದು ಅದನ್ನೇ.

ಹಾಗಾಗಿ ಸಿದ್ಧತೆ ಅಂದರೆ ಮೊದಲು ಸೌದೆ. ಮೇ 15ರೊಳಗೆ ಕಡಿದು, ಸೀಳಿ, ಮಾಡಿನ ಕೆಳಗೆ ಒಟ್ಟಿರಬೇಕು. ಯೂನಿಫಾರಂ ನಾಲ್ಕು ಜೊತೆ. ಚರ್ಮದ್ದು ಏನೂ ಬೇಡ, ಪ್ಲಾಸ್ಟಿಕ್ ಚಪ್ಪಲಿ, ಗಮ್ ಬೂಟು ಸಾಕು. ಮಾರ್ಕ್ಸ್ ಕಾರ್ಡು, ತೋಟದ ದಾಖಲೆಗಳಿಗೆ ಗಾಳಿಯಾಡದ ಡಬ್ಬ. ಶಾಲೆ ಬಸ್ಸು ಮನೆಯಿಂದ ಎಷ್ಟು ದೂರದಲ್ಲಿ ನಿಲ್ಲುತ್ತದೆ ಅಂತ ನಡೆದೇ ನೋಡಿ. ಕಾರಿನಲ್ಲಿ ಕೂತು 'ಇಲ್ಲೇ ಪಕ್ಕ' ಅನ್ನಬೇಡಿ. ಮನೆ ಹಿಂದೆ ಬರೆ ಇದ್ದರೆ, ಅಂದರೆ ಗುಡ್ಡ ಕಡಿದು ಮಾಡಿದ ಅಂಗಳವಾದರೆ, ನೀರು ಎಲ್ಲಿ ಹರಿದು ಹೋಗುತ್ತದೆ ಅಂತ ಅತ್ತೆಯನ್ನು ಕೇಳಿ ಚರಂಡಿ ಬಿಡಿಸಿ. 2018ರ ಆಗಸ್ಟ್‌ನಲ್ಲಿ ನಮ್ಮ ಮಾದಾಪುರ ಕಡೆ, ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಕುಸಿದದ್ದು ನೋಡಿದ ಮೇಲೆ ಈ ವಿಷಯದಲ್ಲಿ ನಾನು ಯಾರಿಗೂ 'ನೋಡೋಣ ಬಿಡಿ' ಅನ್ನೋದಿಲ್ಲ.

ಇನ್ನೊಂದು. ನಿಮ್ಮ ಪತ್ರದಲ್ಲಿ ಎಲ್ಲರಿಗೂ ಹಿಡಿಸಿತು ಅಂತ ಇದೆ. ಅತ್ತೆ ಏನಂದರು ಅಂತ ಇಲ್ಲ. ಕೇಳಿದ್ದೀರಾ?

ಒಂದು ಮಾತು ಮೊದಲೇ ತಿಳಿದಿದ್ದರೆ ನಾವು ಮನೆಯಲ್ಲಿ ಅರ್ಧ ಜಗಳ ಆಡುತ್ತಿರಲಿಲ್ಲ. ಲಾರಿಯಿಂದ ನಾಲ್ಕು ಜನ ಒಂದೇ ದಿನ ಇಳಿದೆವು, ನಿಜ. ಆದರೆ ಊರಿಗೆ ಬಂದು ಸೇರಿದ್ದು ಒಬ್ಬೊಬ್ಬರು ಒಂದೊಂದು ಕಾಲಕ್ಕೆ. ನಮ್ಮವರು ಹುಟ್ಟಿ ಬೆಳೆದ ಜಾಗ, ಮೊದಲ ದಿನವೇ ಪಂಚೆ ಎತ್ತಿ ಕಟ್ಟಿ ಹೊರಟರು. ಮಗಳು ಬಂದದ್ದು ಆಗಸ್ಟ್‌ನಲ್ಲಿ. ಕಕ್ಕಡ 18, ಅಂದರೆ ಆಗಸ್ಟ್ 3ರಂದು ಅತ್ತೆ ಮದ್ದು ಸೊಪ್ಪು ಬೇಯಿಸಿ, ಆ ನೇರಳೆ ನೀರಿನಲ್ಲಿ ಪಾಯಸ ಮಾಡಿದರು. ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಇವಳು ಕಿರುಚಿದಳು. ಉಚ್ಚೆ ಕೆಂಪಗೆ ಹೋಗಿತ್ತು. ಮದ್ದು ಸೊಪ್ಪು ತಿಂದರೆ ಹಾಗೇ ಆಗುತ್ತದೆ ಅಂತ ನಮ್ಮವರೂ ಹೇಳಿರಲಿಲ್ಲ, ಬೇಕಂತಲೇ. ಶಾಲೆಗೆ ಹೋದರೆ ಇಡೀ ಕ್ಲಾಸಿನಲ್ಲಿ ಅದೇ ಮಾತಂತೆ, ಯಾರದ್ದು ಎಷ್ಟು ಕೆಂಪು ಅಂತ. ಹೊಗೆ ವಾಸನೆ ಅಂತ ನಕ್ಕಿದ್ದ ಹುಡುಗಿಯೇ ಇವಳ ಹೆಗಲ ಮೇಲೆ ಕೈ ಹಾಕಿಕೊಂಡು ಬಸ್ಸಿನವರೆಗೂ ಬಂದಳು.

ನಾನು? ಮೂರು ವರ್ಷ ಹಿಡಿಯಿತು. ಮಾರ್ಚ್‌ನಲ್ಲಿ ಅಕ್ಕನ ಮಗಳ ಮದುವೆಗೆ ಬೆಂಗಳೂರಿಗೆ ಹೋಗಿದ್ದೆ. ಛತ್ರದಲ್ಲಿ ಊಟಕ್ಕೆ ಕೂತಾಗ ಕಿಟಕಿಯಾಚೆ ಮೋಡ ಕಂಡಿತು. ಎಲೆ ಮುಂದೆಯೇ ಫೋನ್ ತೆಗೆದು ಮನೆಗೆ ಮಾಡಿ, 'ಎಷ್ಟು ಸೆಂಟ್ ಬಂತು?' ಅಂದೆ. ಪಕ್ಕದಲ್ಲಿ ಕೂತಿದ್ದ ಅಕ್ಕ 'ಯಾವ ಸೈಟು ಕೊಂಡ್ಯೇ?' ಅಂತ ಕೇಳಿದಳು. ಇಲ್ಲಿ ಸೆಂಟ್ ಅಂದರೆ ಮಳೆ, ಇಂಚಿನ ನೂರನೇ ಒಂದು ಪಾಲು. ಅವಳಿಗೆ ಅದನ್ನು ಬಿಡಿಸಿ ಹೇಳುವಾಗ ಗೊತ್ತಾಯ್ತು, ನಾನು ಬಂದು ತಲುಪಿಯಾಗಿದೆ ಅಂತ.

ಮಗನ ವಿಷಯ ಕೆಳಗೆ ಇನ್ನೊಂದು ಪತ್ರದಲ್ಲಿ ಬರುತ್ತದೆ.

ಪ್ರಶ್ನೆ: ಮೇಡಂ, ನನಗೆ 38 ವರ್ಷ. ಕೈಗೆ ತಿಂಗಳಿಗೆ 90,000 ಸಂಬಳ. ಸಿದ್ದಾಪುರದ ಹತ್ತಿರ ನಾಲ್ಕು ಎಕರೆ ರೊಬಸ್ಟಾ ನನ್ನ ಪಾಲಿಗೆ ಬಂದಿದೆ. ಈಗಿನ ರೇಟಿನಲ್ಲಿ ಕೆಲಸ ಬಿಟ್ಟರೂ ಆರಾಮಾಗಿ ನಡೆಯುತ್ತದೆ ಅಂತ ನನ್ನ ಲೆಕ್ಕ. ಹೆಂಡತಿ ಒಪ್ಪುತ್ತಿಲ್ಲ.
ಎಂ., ಮೈಸೂರು

ಉತ್ತರ: ಲೆಕ್ಕದಲ್ಲಿ ನಿಮ್ಮ ಮನೆಯವರು ಮುಂದಿದ್ದಾರೆ. ಬನ್ನಿ, ಒಟ್ಟಿಗೆ ಕೂಡಿಸೋಣ.

ನಮ್ಮ ತೋಟದಲ್ಲಿ ಒಳ್ಳೆ ವರ್ಷ ಎಕರೆಗೆ 18 ಚೀಲ ರೊಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು, ಬಂದಿದೆ, ಚೀಲಕ್ಕೆ 50 ಕೆ.ಜಿ. ಹೂಮಳೆ ಕೈಕೊಟ್ಟ ವರ್ಷ ಎಂಟೇ ಚೀಲ. ನಿಮಗೆ 15 ಅಂತ ಇಟ್ಟುಕೊಳ್ಳೋಣ. ನಾಲ್ಕು ಎಕರೆಗೆ 60 ಚೀಲ. 2024ರಲ್ಲಿ ಚೀಲಕ್ಕೆ 10,000 ಮುಟ್ಟಿತಲ್ಲ, ಆ ಲೆಕ್ಕದಲ್ಲಿ ಆರು ಲಕ್ಷ. ಅದಕ್ಕೆ ಮೂರ್ನಾಲ್ಕು ವರ್ಷ ಮೊದಲು 3,500ರ ಆಸುಪಾಸಿನಲ್ಲಿ ಮಾರಿದವರು ನಾವು. ಆ ಲೆಕ್ಕದಲ್ಲಿ ಎರಡು ಲಕ್ಷದ ಹತ್ತು ಸಾವಿರ. ನಿಮ್ಮ ಸಂಬಳ ವರ್ಷಕ್ಕೆ ಹತ್ತು ಲಕ್ಷದ ಎಂಬತ್ತು ಸಾವಿರ. ಇನ್ನು ಖರ್ಚು ಕಳೆದಿಲ್ಲ. ಗೊಬ್ಬರ, ಕಳೆ, ಮರಗಸಿ, ಚಿಗುರು ತೆಗೆಯೋದು, ಫೆಬ್ರವರಿಯಲ್ಲಿ ಸ್ಪ್ರಿಂಕ್ಲರ್‌ಗೆ ಡೀಸೆಲ್, ಕುಯ್ಲಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ. ಜೊತೆಗೆ ಕಾಫಿ ದುಡ್ಡು ಬರೋದು ವರ್ಷಕ್ಕೊಂದು ಸಲ, ಮಕ್ಕಳ ಫೀಸು ಮಾತ್ರ ಕೇಳಿದಾಗೆಲ್ಲ. ಮೆಣಸು ಕೈ ಹಿಡಿಯುತ್ತದೆ, ಆದರೆ ಸೊರಗು ರೋಗ ಬಂದರೆ ಒಂದೇ ಮಳೆಗಾಲದಲ್ಲಿ ಬಳ್ಳಿಗಳ ಸಾಲೇ ಹೋಗುತ್ತದೆ.

ಹೂಮಳೆ ಅಂದೆನಲ್ಲ, ನಿಮ್ಮ ಇಡೀ ವರ್ಷದ ಸಂಬಳ ನಿಂತಿರೋದು ಅದರ ಮೇಲೆ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಇಂಚು ಮಳೆ ಒಟ್ಟಿಗೆ ಬೀಳಬೇಕು, ಇಲ್ಲ ಅಂದರೆ ನೀವು ಸ್ಪ್ರಿಂಕ್ಲರಿನಲ್ಲಿ ಕೊಡಬೇಕು. ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ರೊಬಸ್ಟಾ ತನ್ನ ಹೂವಿನ ಪರಾಗದಿಂದ ತಾನೇ ಕಾಯಿ ಕಟ್ಟೋದಿಲ್ಲ. ಗಾಳಿಯೋ ಜೇನೋ ಬೇರೆ ಗಿಡದಿಂದ ತರಬೇಕು. ಅದಕ್ಕೇ ಆ ದಿನಗಳಲ್ಲಿ ಔಷಧಿ ಹೊಡೆಯಬಾರದು. ಹೂ ಅರಳಿದ ದಿನವೇ ಮಳೆ ಬಂದರೆ ಕೆಲಸ ಕೆಟ್ಟಿತು. ಆಮೇಲೆ ಇಪ್ಪತ್ತು ದಿನದೊಳಗೆ ಇನ್ನೊಂದು ಮಳೆ ಬೇಕು, ಕಾಯಿ ನಿಲ್ಲಲಿಕ್ಕೆ. ಇದರಲ್ಲಿ ಯಾವುದೂ ನಿಮ್ಮ ಕೈಯಲ್ಲಿಲ್ಲ. ಮೇಲಧಿಕಾರಿಯನ್ನು ಬಯ್ಯಬಹುದು, ಮೋಡವನ್ನು ಬಯ್ದು ಏನು ಮಾಡ್ತೀರಿ?

ಕಲಿಯಲಿಕ್ಕೂ ದುಡ್ಡು ಖರ್ಚಾಗುತ್ತದೆ. ನಮ್ಮ ಮೊದಲ ಕುಯ್ಲಿನ ಕಥೆ ಹೇಳಿಬಿಡುತ್ತೇನೆ. 2008ರ ಜನವರಿ. ಕಣದಲ್ಲಿ ಹರಡಿದ ಹಣ್ಣು ಏಳನೇ ದಿನಕ್ಕೆ ಕಪ್ಪಗಾಯಿತು. ಒಣಗಿತು ಅಂತ ಮೂಟೆ ಕಟ್ಟಿಬಿಟ್ಟೆವು, ನನಗೆ ಕಣ ಕಾಯೋದೇ ಬೇಸರವಾಗಿತ್ತು. ಹತ್ತು ದಿನ ಬಿಟ್ಟು ವ್ಯಾಪಾರಿ ಬಂದರು. ಮೂಟೆ ಬಿಚ್ಚಿ ಮೊಣಕೈವರೆಗೆ ಕೈ ಇಳಿಸಿದವರು ಹಾಗೇ ಹೊರಗೆಳೆದರು. 'ಒಳಗೆ ಬೆಚ್ಚಗಿದೆಯಲ್ಲ ಅಮ್ಮ, ಇದು ಇನ್ನೂ ಉಸಿರಾಡ್ತಿದೆ' ಅಂದರು. ನಾನೂ ಕೈ ಹಾಕಿ ನೋಡಿದೆ. ಬಾಣಂತಿ ಹಾಸಿಗೆ ಥರ ಬಿಸಿ. ತಳದಲ್ಲಿ ಬಿಳಿ ಬೂಸ್ಟು. ಅಷ್ಟೂ ಮೂಟೆ ಮತ್ತೆ ಕಣಕ್ಕೆ ಸುರಿದೆವು, ಆದರೂ ರೇಟು ಮುರಿದೇ ಕೊಟ್ಟರು. ತಪ್ಪು ಅವರದ್ದಲ್ಲ. ಈಗ ನಾನು ಹನ್ನೆರಡು ಹದಿನೈದು ದಿನ ಒಣಗಿಸುತ್ತೇನೆ. ಹಗಲು ಗಂಟೆಗೊಮ್ಮೆ ಕಾಲಾಡಿಸಿ, ಸಂಜೆ ರಾಶಿ ಮಾಡಿ ಟಾರ್ಪಾಲ್ ಮುಚ್ಚಬೇಕು. ಒಂದು ಹಿಡಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಬೀಜ ಗಿಲಗಿಲ ಅನ್ನಬೇಕು. ಆಮೇಲೆ ತೇವಾಂಶದ ಮೀಟರ್.

ಹಾಗಾದರೆ ಬರಲೇಬಾರದಾ ಅಂತ ಕೇಳಬೇಡಿ. ಬನ್ನಿ, ಆದರೆ ಮನೆಯ ಎರಡೂ ಸಂಬಳ ಒಟ್ಟಿಗೆ ಬಿಡಬೇಡಿ. ನಮ್ಮವರು ನಾಲ್ಕು ವರ್ಷ ಕುಶಾಲನಗರದಲ್ಲಿ ಅಂಗಡಿಗಳ ಲೆಕ್ಕ ಬರೆದರು. ಬೆಳಿಗ್ಗೆ ತೋಟ, ಮಧ್ಯಾಹ್ನದ ಮೇಲೆ ಲೆಡ್ಜರು. ಅದರಿಂದಲೇ ದಿನಸಿ ಬಂತು. ನೀವು ಸಿದ್ದಾಪುರದವರು, ಚೆಟ್ಟಳ್ಳಿ ದೂರ ಇಲ್ಲ. ಅಲ್ಲಿನ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ತೋಟದ ಮಣ್ಣು ತೆಗೆದುಕೊಂಡು ಹೋಗಿ ಮಾತಾಡಿ. ರಾಜೀನಾಮೆ ಬರೆಯುವ ಮೊದಲು ಆ ಕೆಲಸ ಮಾಡಿ.

ಪ್ರಶ್ನೆ: ಆಂಟಿ, ನಂಗೆ 14 ವರ್ಷ. ಹೋದ ವರ್ಷ ಮೈಸೂರಿಂದ ವಿರಾಜಪೇಟೆ ಹತ್ರ ಬಂದ್ವಿ. ಪಂಪ್‌ಹೌಸ್ ಹತ್ರ ಹೋದ್ರೆ ಮಾತ್ರ ಸಿಗ್ನಲ್ ಸಿಗತ್ತೆ. ಮೈಸೂರಿನ ಫ್ರೆಂಡ್ಸ್ ಈಗ ಫೋನ್ ಮಾಡಲ್ಲ. ಇಲ್ಲಿ ಎಲ್ಲಾರೂ ನನ್ನ 'ಸಿಟಿ' ಅಂತಾರೆ. ಅಪ್ಪ ಅಭ್ಯಾಸ ಆಗತ್ತೆ ಅಂತಾನೇ ಇದಾರೆ. ನಂಗೆ ಅಭ್ಯಾಸ ಆಗೋದು ಬೇಡ.
ಹೆಸರು ಬೇಡ

ಉತ್ತರ: ಪುಟ್ಟಿ, ನಿನ್ನ ಪತ್ರದ ಕೊನೇ ಸಾಲನ್ನು ನಮ್ಮವರಿಗೆ ಓದಿ ಹೇಳಿದೆ. ಅವರು ಸುಮ್ಮನಾದರು. ನಮ್ಮ ಮಗನೂ ಹದಿನಾಲ್ಕಕ್ಕೆ ಇದನ್ನೇ ಹೇಳಿದ್ದ, ಆಗ ನಾವಿಬ್ಬರೂ ನಕ್ಕುಬಿಟ್ಟಿದ್ದೆವು.

ಅವನಿಗೆ ಅಭ್ಯಾಸ ಆಗಲೇ ಇಲ್ಲ. ಜಿಗಣೆ ಕಂಡರೆ ಆಗುತ್ತಿರಲಿಲ್ಲ. ಮಳೆ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ. ಪಿಯುಸಿಗೆ ಮೈಸೂರಿನ ಹಾಸ್ಟೆಲ್ ಸೇರಿದ ದಿನ ಅವನ ಮುಖ ನೋಡಬೇಕಿತ್ತು. ಈಗಲೂ ಅಲ್ಲೇ ಕೆಲಸ. ಕುಯ್ಲಿಗೆ ನಾಲ್ಕು ದಿನ ಬರುತ್ತಾನೆ, ಚೀಲ ಎಣಿಸುತ್ತಾನೆ, ಹೋಗುತ್ತಾನೆ. ನಾನು ಎಷ್ಟೋ ವರ್ಷ ಇದನ್ನು ನಮ್ಮ ಸೋಲು ಅಂದುಕೊಂಡಿದ್ದೆ. ಈಗ ಹಾಗನ್ನಿಸೋದಿಲ್ಲ. ನಿನಗೂ ಅಭ್ಯಾಸ ಆಗಲೇಬೇಕು ಅಂತ ಕಾನೂನಿಲ್ಲ. ಆದರೆ ಹತ್ತನೇ ಕ್ಲಾಸು ಮುಗಿಯೋ ತನಕ ಇಲ್ಲೇ ಇರಬೇಕಲ್ಲ, ಆ ದಿನಗಳನ್ನು ಸ್ವಲ್ಪ ಹಗುರ ಮಾಡಿಕೊಳ್ಳೋಣ.

ಅಪ್ಪನ ಹತ್ತಿರ ಎರಡು ವಿಷಯ ಕೇಳು. ತಿಂಗಳಿಗೊಂದು ಶನಿವಾರ ಮೈಸೂರು. ಬೆಳಿಗ್ಗೆ ಬಸ್ಸು, ಸಂಜೆ ವಾಪಸ್ಸು, ಫ್ರೆಂಡ್ ಮನೇಲಿ ಊಟ. ಅವರು ಫೋನ್ ಮಾಡೋದಿಲ್ಲ ಅಂದೆಯಲ್ಲ, ಮುಖ ನೋಡಿದರೆ ಮಾತು ತಾನಾಗಿ ಬರುತ್ತದೆ. ಎರಡನೆಯದು, ಉದುರು ಕಾಫಿ ನಿನಗೆ ಬಿಟ್ಟುಕೊಡಲಿ. ಕುಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಹಣ್ಣು ಬಿದ್ದಿರುತ್ತದಲ್ಲ, ಅದನ್ನು ಹೆಕ್ಕಿ ಒಣಗಿಸಿ ಮಾರಿದ ದುಡ್ಡು ನಿನ್ನದೇ. ಅಪ್ಪನಿಗೂ ಲಾಭ ಇದೆ ಅಂತ ಹೇಳು. ನೆಲದಲ್ಲಿ ಬಿಟ್ಟರೆ ಅದರಲ್ಲೇ ಕಾಯಿಕೊರಕ ಹುಳ ಉಳಿದುಕೊಂಡು ಮುಂದಿನ ಫಸಲಿಗೆ ಹತ್ತುತ್ತದೆ. ನಮ್ಮ ಮಗ ಎರಡು ವರ್ಷದ ಉದುರು ಕಾಫಿಯಲ್ಲಿ ಗೇರ್ ಸೈಕಲ್ ತಗೊಂಡ. ಅದೇ ಸೈಕಲ್ಲಿನಲ್ಲಿ ದಿನಾ ಸುಂಟಿಕೊಪ್ಪಕ್ಕೆ ಓಡುತ್ತಿದ್ದ, ಇಂಟರ್‌ನೆಟ್ ಅಂಗಡಿಗೆ. ಪರವಾಗಿಲ್ಲ.

'ಸಿಟಿ' ಅನ್ನೋರ ಭಾಷೆ ಯಾವುದು? ಕೊಡವ ತಕ್ಕೋ, ಅರೆಭಾಷೆಯೋ, ಮಲಯಾಳವೋ? ಬಯ್ಯೋಕೆ ನಾಲ್ಕು ಮಾತು ಕಲಿತುಕೋ. ಮಗಳು ಹಾಗೇ ಶುರು ಮಾಡಿದ್ದು. ಇದನ್ನು ನಾನು ಹೇಳಿದೆ ಅಂತ ಅಮ್ಮನಿಗೆ ಹೇಳಬೇಡ.

ಪ್ರಶ್ನೆ: ಮಗ, ಸೊಸೆ ಊರಿಗೆ ಬಂದು ಒಂದು ವರ್ಷವಾಯಿತು. ಬಂದದ್ದು ಸಂತೋಷವೇ. ಆದರೆ ಈಗ ಎಲ್ಲ ಸಾವಯವ ಅಂತ ಹೇಳಿ ಮೆಣಸಿಗೆ ಬೋರ್ಡೋ ದ್ರಾವಣ ಹೊಡೆಯಬೇಡಿ ಅನ್ನುತ್ತಾರೆ. ನೂರೈವತ್ತು ಬಳ್ಳಿ ಕಣ್ಣ ಮುಂದೆ ಹೋದರೆ ನಾನು ಹೇಗೆ ಸುಮ್ಮನಿರಲಿ? ಹಲಸಿನ ಹಣ್ಣು ಮರದಲ್ಲೇ ಇರಲಿ, ಚಂದ ಅನ್ನುತ್ತಾಳೆ ಸೊಸೆ. ನಾಯಿಯನ್ನು ಬೆಳಗಿನ ಕತ್ತಲಲ್ಲೇ ವಾಕಿಂಗ್ ಕರೆದುಕೊಂಡು ಹೋಗುತ್ತಾಳೆ. ನನ್ನ ಮಾತು ಯಾರೂ ಕೇಳುವುದಿಲ್ಲ.
ಒಬ್ಬ ಅತ್ತೆ, ಗೋಣಿಕೊಪ್ಪ ಬಳಿ

ಉತ್ತರ: ಅಮ್ಮಾ, ನಾನು ಸೊಸೆಯಾಗಿ ಬಂದವಳು. ಇಂಥದ್ದರಲ್ಲೆಲ್ಲ ಸೊಸೆ ಪರ ಇರೋಣ ಅಂತ ಅನ್ನಿಸುತ್ತದೆ. ಈ ಸಲ ನಿಮ್ಮ ಪರ.

ನಾಯಿ ವಿಷಯ ಇವತ್ತೇ ನಿಲ್ಲಿಸಿ. ಬೇಕಾದರೆ ಈ ಪುಟ ಮಡಿಸಿ ಅವಳ ಕೈಗೆ ಕೊಡಿ. ಆನೆ ಕಂಡ ನಾಯಿ ಬೊಗಳುತ್ತದೆ, ಆನೆ ಅಟ್ಟಿಸಿದರೆ ಓಡಿ ಬರೋದು ಯಜಮಾನರ ಹತ್ತಿರವೇ. ಹಿಂದೆಯೇ ಆನೆ. ಚೆನ್ನಾಗಿ ಬೆಳಕಾಗುವ ತನಕ ನಮ್ಮಲ್ಲಿ ಯಾರೂ ಅಂಗಳ ದಾಟೋದಿಲ್ಲ. ಕೆಲಸದವರನ್ನೂ ಕರೆಯೋದಿಲ್ಲ. ಮೊದಲು ಅಕ್ಕಪಕ್ಕದ ತೋಟದವರ ವಾಟ್ಸಾಪ್ ಗುಂಪು ನೋಡೋದು, ರಾತ್ರಿ ಆನೆ ಎಲ್ಲಿತ್ತು ಅಂತ. ನಿಮ್ಮ ಕಡೆ ಹುಲಿ ಕಾಟವೂ ಇದೆ. ಹಲಸು ಹಣ್ಣಾಗೋಕೆ ಬಿಟ್ಟರೆ ಅದರ ವಾಸನೆಗೇ ಆನೆ ಬರುತ್ತದೆ. ಎಳೆಯದಿರುವಾಗಲೇ ಇಳಿಸಿ ಪಲ್ಯ ಮಾಡಿ. ಹಪ್ಪಳಕ್ಕೆ ಬಲಿತ ಕಾಯಿ ಬೇಕಾದರೆ ಲೆಕ್ಕ ಮಾಡಿ ಮನೆ ಮುಂದಿನ ಮರದಲ್ಲಿ ನಾಲ್ಕೇ ಬಿಡಿ, ಹಣ್ಣಾಗುವ ಮೊದಲೇ ಕೊಯ್ದುಬಿಡಿ.

ಬೋರ್ಡೋ ವಿಷಯಕ್ಕೆ ಜಗಳ ಬೇಡ, ಇಬ್ಬರೂ ಗೆಲ್ಲಬಹುದು. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು. ಇದು ನಿಮ್ಮ ಅತ್ತೆ ಕಾಲದ ಲೆಕ್ಕ ತಾನೇ? ಸಾವಯವದವರ ನಿಯಮದಲ್ಲೂ ಇದನ್ನು ಪೂರ್ತಿ ನಿಷೇಧಿಸಿಲ್ಲ, ಮಿತಿಯಲ್ಲಿ ಬಳಸಲು ಬಿಡುತ್ತಾರೆ. ಮಗನಿಗೆ ಅದನ್ನು ಅವನೇ ಓದಿ ನೋಡಲು ಹೇಳಿ. ಯೂಟ್ಯೂಬಿನಲ್ಲಿ ಸಿಕ್ಕರೆ ಇನ್ನೂ ಬೇಗ ನಂಬುತ್ತಾನೆ. ಮಳೆ ಹಿಡಿಯುವ ಮೊದಲೇ, ಮೇ ಕೊನೆಯೊಳಗೆ ಒಂದು ಸಲ ಹೊಡೆಯಲೇಬೇಕು. ಸುಣ್ಣದ ನೀರಿಗೆ ತುತ್ತದ ನೀರು ಹೊಯ್ಯುವ ಕ್ರಮ ನೀವೇ ನಿಂತು ತೋರಿಸಿ. ಆ ನೀಲಿ ಬಣ್ಣ ಸರಿಯಾಗಿ ಬಂತಾ ಅಂತ ಹೇಳಲು ಆ ಮನೆಯಲ್ಲಿ ನಿಮ್ಮನ್ನು ಬಿಟ್ಟರೆ ಯಾರಿದ್ದಾರೆ?

ಪ್ರಶ್ನೆ: ಜಿಗಣೆಗೆ ಏನು ಮಾಡುವುದು?
ಕೆ., ಈಗಷ್ಟೇ ಬಂದವರು, ನಾಪೋಕ್ಲು

ಉತ್ತರ: ಕಾಲಿಗೆ ಬಾರ್ ಸೋಪಿನ ನೊರೆ ದಪ್ಪಗೆ ಬಳಿದು ಒಣಗಲು ಬಿಡಿ. ಹೊಗೆಸೊಪ್ಪಿನ ನೀರೂ ಆಗುತ್ತದೆ. ಸಣ್ಣ ಬಟ್ಟೆಯಲ್ಲಿ ಉಪ್ಪು ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಳ್ಳಿ, ಹತ್ತಿದರೆ ಮುಟ್ಟಿಸಿದರೆ ಸಾಕು, ಬೀಳುತ್ತದೆ. ಕೈಯಿಂದ ಎಳೆಯಬೇಡಿ, ತುರಿಕೆ ವಾರಗಟ್ಟಲೆ ಇರುತ್ತದೆ.

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾಗಿ ಮನೆಯವರ ಜೊತೆ ಮಾದಾಪುರದ ಈಚೆ ಎರಡು ಎಕರೆ ಕೊಂಡು ಬಂದಿದ್ದೇನೆ. ಇಲ್ಲಿ ಎಲ್ಲರೂ ಬೆಳಿಗ್ಗೆ ಎದ್ದರೆ ಇಂಚು, ಸೆಂಟ್ ಅಂತ ಮಾತಾಡುತ್ತಾರೆ. ನನಗೆ ಹೇಳಲು ಏನೂ ಇರುವುದಿಲ್ಲ. ಮಳೆ ಅಳೆಯುವ ಗೇಜ್ ತಂದಿದ್ದೇನೆ, ಎಲ್ಲಿಡಬೇಕು?
ಆರ್.

ಉತ್ತರ: ನಮ್ಮ ನೆರೆಯವರೇ ಆದಿರಿ ನೀವು! ಮಾಡಿನಿಂದ, ಮರದಿಂದ ದೂರ, ಆಕಾಶ ಪೂರ್ತಿ ಕಾಣುವ ಕಡೆ ಇಡಿ. ಕಣದ ಅಂಚು ಒಳ್ಳೆ ಜಾಗ. ಬಾಯಿ ಸಮ ಮಟ್ಟದಲ್ಲಿರಲಿ, ಬಟ್ಟೆ ಒಣಗಿಸುವ ತಂತಿ ಮೇಲಿರಬಾರದು. ದಿನಾ ಒಂದೇ ಹೊತ್ತಿಗೆ ನೋಡಿ, ನಾನು ಬೆಳಿಗ್ಗೆ ಎಂಟೂವರೆಗೆ ನೋಡುತ್ತೇನೆ. ನೋಡಿದ ಕೂಡಲೇ ಚೆಲ್ಲಿ, ಪುಸ್ತಕದಲ್ಲಿ ಬರೆಯಿರಿ. ಮಾವ 1971ರಿಂದ ಬರೆದಿಟ್ಟ ಪುಸ್ತಕಗಳು ನಮ್ಮಲ್ಲಿವೆ, ಒಂದು ಸಲ ಬಂದು ನೋಡಿ. ನಿನ್ನೆ ಸಂಜೆ ಗುಡುಗಿ ಬಂತಲ್ಲ, ನಮ್ಮಲ್ಲಿ 62 ಸೆಂಟ್. ನಿಮ್ಮಲ್ಲಿ ಎಷ್ಟು?